ಒಂದೇ ತಂತಿಯ ಲೆಕ್ಕ

1990ರ ದಶಕದಲ್ಲಿ ಸಜ್ಜಾದ ಕಚೇರಿಯ ಮೇಜಿನಡಿ ಬಗ್ಗಿ ನೋಡಿದರೆ ಗೋಡೆಯಲ್ಲಿ ಎರಡು ಸಾಕೆಟ್ ಕಾಣುತ್ತಿದ್ದವು. ಚಿಕ್ಕದು ಫೋನಿಗೆ, ತುಸು ಅಗಲವಾದದ್ದು ಕಂಪ್ಯೂಟರಿಗೆ. ಎರಡು ತಂತಿಗಳೂ ಅದೇ ಗೋಡೆಯೊಳಗೆ ಅಕ್ಕಪಕ್ಕದಲ್ಲೇ ಸಾಗಿ ಕೊನೆಗೆ ಬೇರೆ ಬೇರೆ ಕೋಣೆ ಸೇರುತ್ತಿದ್ದವು. ಫೋನಿನ ತಂತಿ ಹೋಗುತ್ತಿದ್ದುದು ಕಚೇರಿಯ ಕರೆಗಳನ್ನು ಕೂಡಿಸುವ ಇಪಿಎಬಿಎಕ್ಸ್ ಪೆಟ್ಟಿಗೆ ನೇತುಹಾಕಿದ್ದ, ಗಾಳಿಯಾಡದ ಗೂಡಿಗೆ. ಕಂಪ್ಯೂಟರಿನದು ಎಸಿ ಹಾಕಿದ ಸರ್ವರ್ ರೂಮಿಗೆ. ಒಂದು ಅಡ್ಮಿನ್ ವಿಭಾಗದ ಸುಪರ್ದಿ, ಇನ್ನೊಂದು ಸಿಸ್ಟಮ್ಸ್ ವಿಭಾಗದ್ದು. ಬಿಲ್ ಬೇರೆ, ವಾರ್ಷಿಕ ನಿರ್ವಹಣೆಯ ಗುತ್ತಿಗೆ ಬೇರೆ, ಕೆಟ್ಟಾಗ ಬರುವ ಮೆಕ್ಯಾನಿಕ್ ಬೇರೆ. ಅವರಿವರ ನಡುವೆ ಮಾತುಕತೆಯೂ ಅಷ್ಟಕ್ಕಷ್ಟೇ.

ಯಾರಾದರೂ ಎರಡನೇ ಮಹಡಿಯಿಂದ ನಾಲ್ಕನೆಯದಕ್ಕೆ ಜಾಗ ಬದಲಾಯಿಸಿದರೆ ಕಂಪ್ಯೂಟರನ್ನು ಅಟೆಂಡರ್ ಹೊತ್ತು ಇಟ್ಟುಬಿಡುತ್ತಿದ್ದ. ಎಕ್ಸ್‌ಟೆನ್ಷನ್ ನಂಬರ್ ಮಾತ್ರ ಅವರ ಹಿಂದೆ ಬರುತ್ತಿರಲಿಲ್ಲ. ಅದಕ್ಕೆ ಟೆಲಿಫೋನ್ ಮೆಕ್ಯಾನಿಕ್ ಬರಬೇಕು, ತಂತಿಗಳೆಲ್ಲ ಸೇರುವ ಎಂಡಿಎಫ್ ಪೆಟ್ಟಿಗೆ ತೆರೆಯಬೇಕು, ಹಳೆಯ ಜಂಪರ್ ಕಿತ್ತು ಹೊಸ ಜಾಗಕ್ಕೆ ಕ್ರೋನ್ ಟೂಲಿನಿಂದ ಒತ್ತಬೇಕು. ಅವನು ಬರುವತನಕ ನಾಲ್ಕನೇ ಮಹಡಿಯವರಿಗೆ ಬಂದ ಕರೆ ಎರಡನೇ ಮಹಡಿಯ ಖಾಲಿ ಮೇಜಿನಲ್ಲಿ ರಿಂಗಣಿಸುತ್ತಿತ್ತು. ದೊಡ್ಡ ಕಂಪನಿಗಳಲ್ಲಿ ಇಂಥ ಸ್ಥಳಾಂತರ ವರ್ಷವಿಡೀ ನಡೆಯುತ್ತದೆ. ಹಳೆಯ ವ್ಯವಸ್ಥೆಯಲ್ಲಿ ಫೋನ್ ನಂಬರ್ ಎಂದರೆ ಒಬ್ಬ ಮನುಷ್ಯನ ಗುರುತಾಗಿರಲಿಲ್ಲ, ಒಂದು ಜೊತೆ ತಾಮ್ರದ ತಂತಿಯ ಗುರುತಾಗಿತ್ತು.

ಈ ಎರಡು ಸಾಕೆಟ್ಟುಗಳು ಒಂದಾದದ್ದನ್ನೇ ತಂತ್ರಜ್ಞರು ಕನ್ವರ್ಜ್ಡ್ ನೆಟ್‌ವರ್ಕ್ ಎನ್ನುತ್ತಾರೆ. ಅದರ ಮೇಲೆ ಕರೆ, ವಿಡಿಯೊ, ಚಾಟ್, ಮೇಲ್, ಮೀಟಿಂಗ್ ಎಲ್ಲವನ್ನೂ ಒಂದೇ ಕಡೆ ಕೂಡಿಸುವುದು ಯುನಿಫೈಡ್ ಕಮ್ಯುನಿಕೇಶನ್ಸ್. ಇದನ್ನು ಮಾರಿದವರು ‘ಫೋನ್ ಬಿಲ್ ಉಳಿಯುತ್ತದೆ’ ಎಂದು ಮಾರಿದರು, ಕೊಂಡವರೂ ಅದನ್ನೇ ನಂಬಿ ಕೊಂಡರು. ಬಿಲ್ಲಿನ ಆ ಉಳಿತಾಯ ಇಂದು ಹೆಸರಿಗೂ ಉಳಿದಿಲ್ಲ. ಆದರೂ ಈ ಏರ್ಪಾಡನ್ನು ಯಾರೂ ಕೈಬಿಟ್ಟಿಲ್ಲ. ಲಾಭ ಬೇರೆಲ್ಲೋ ಇರಬೇಕಲ್ಲ? ಹುಡುಕಲು ಡೆನ್ಮಾರ್ಕಿನಿಂದ ಹೊರಡಬೇಕು.

1908ರಲ್ಲಿ ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಗಣಿತಜ್ಞ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಕೆಲಸಕ್ಕೆ ಸೇರಿದ. ಕಂಪನಿಯ ಮುಂದಿದ್ದದ್ದು ದುಡ್ಡಿನ ಪ್ರಶ್ನೆ. ಒಂದು ಊರಿಂದ ಇನ್ನೊಂದು ಊರಿಗೆ ಎಷ್ಟು ಲೈನ್ ಎಳೆಯಬೇಕು? ಕಡಿಮೆ ಎಳೆದರೆ ಗಿರಾಕಿಗೆ ‘ಎಂಗೇಜ್’ ಸದ್ದು ಕೇಳಿಸುತ್ತದೆ, ಹೆಚ್ಚು ಎಳೆದರೆ ತಾಮ್ರ ದಂಡ. ಕರೆ ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಒಂದೊಂದು ಕರೆಯೂ ಅನಿಶ್ಚಿತವೇ ಆದರೂ ಸಾವಿರಾರು ಕರೆಗಳಿಗೆ ಒಟ್ಟಾಗಿ ಒಂದು ಲಯವಿದೆ ಎಂಬುದನ್ನು ಎರ್ಲಾಂಗ್ 1909ರ ಪ್ರಬಂಧದಲ್ಲಿ ತೋರಿಸಿದ. 1917ರಲ್ಲಿ ಒಂದು ಸೂತ್ರವನ್ನೇ ಕೊಟ್ಟ. ದೂರವಾಣಿ ಎಂಜಿನಿಯರುಗಳು ಇಂದಿಗೂ ಅದನ್ನೇ ಬಳಸುತ್ತಾರೆ, ಅಳತೆಯ ಮಾನಕ್ಕೂ ಅವನದೇ ಹೆಸರು. ಒಂದು ಲೈನ್ ಒಂದು ಗಂಟೆ ಪೂರ್ತಿ ಮಾತಿನಲ್ಲಿ ತುಂಬಿದ್ದರೆ ಅದು ಒಂದು ಎರ್ಲಾಂಗ್ ಸಂಚಾರ.

ಈಗ ಒಂದು ಕಚೇರಿಗೆ ಹತ್ತು ಲೈನ್ ಇದೆ ಎಂದುಕೊಳ್ಳೋಣ. ದಿನದ ಅತಿ ಗದ್ದಲದ ಗಂಟೆಯಲ್ಲೂ ನೂರಕ್ಕೆ ಒಂದೇ ಕರೆ ಎಂಗೇಜ್ ಆಗಬೇಕು ಎಂಬುದು ನಮ್ಮ ಷರತ್ತು. ಎರ್ಲಾಂಗ್ ಸೂತ್ರದ ಪ್ರಕಾರ ಆ ಹತ್ತು ಲೈನುಗಳು ಹೊರಬಹುದಾದ ಸಂಚಾರ 4.46 ಎರ್ಲಾಂಗ್. ಅಂದರೆ ಅತಿ ಗದ್ದಲದ ಹೊತ್ತಿನಲ್ಲೂ ಸರಾಸರಿ ಐದಾರು ಲೈನು ಸುಮ್ಮನೆ ಕೂತಿರಬೇಕು! ಇದು ದುಂದುವೆಚ್ಚ ಅನ್ನಿಸಿದರೂ ಅನಿವಾರ್ಯ. ಏಕಾಏಕಿ ಕರೆಗಳು ಒಟ್ಟಿಗೆ ನುಗ್ಗಿದಾಗ ತಡೆದುಕೊಳ್ಳುವುದು ಆ ಖಾಲಿ ಲೈನುಗಳೇ.

ಅದೇ ಊರಿನಲ್ಲಿ ಅದೇ ಕಂಪನಿಯ ಎರಡು ಕಚೇರಿಗಳಿದ್ದು, ಎರಡಕ್ಕೂ ಹತ್ತತ್ತು ಲೈನ್ ಇದ್ದರೆ ಒಟ್ಟು 8.92 ಎರ್ಲಾಂಗ್ ಆಯಿತು. ಈಗ ಆ ಇಪ್ಪತ್ತನ್ನೂ ಒಂದೇ ಗುಂಪಾಗಿಸಿ ಎರಡೂ ಕಚೇರಿಗೆ ಹಂಚಿಬಿಡಿ. ಅದೇ ಇಪ್ಪತ್ತು ಲೈನು, ಅದೇ ಷರತ್ತು, ಆದರೆ ಹೊರುವ ಸಂಚಾರ ಸುಮಾರು 12 ಎರ್ಲಾಂಗ್. ಒಂದು ಇಂಚು ತಂತಿಯನ್ನೂ ಹೆಚ್ಚಿಸದೆ ಸಾಮರ್ಥ್ಯ ಮೂರನೇ ಒಂದು ಪಾಲು ಏರಿತು. ಮೂರು ಕಚೇರಿಗಳ ಮೂವತ್ತು ಲೈನು ಕೂಡಿಸಿದರೆ 20.3 ಎರ್ಲಾಂಗ್, ಬೇರೆ ಬೇರೆ ಇದ್ದಾಗಿನ ಒಂದೂವರೆ ಪಟ್ಟು. ಇಲ್ಲಿ ಪವಾಡವೇನೂ ಇಲ್ಲ. ಎಲ್ಲರ ಗದ್ದಲದ ಗಳಿಗೆಯೂ ಒಂದೇ ಆಗಿರುವುದಿಲ್ಲ, ಅಷ್ಟೆ. ಒಬ್ಬರ ಖಾಲಿ ಹೊತ್ತು ಇನ್ನೊಬ್ಬರಿಗೆ ಸಿಗುವಂತಾದರೆ ಇಬ್ಬರಿಗೂ ಲಾಭ. ಕನ್ವರ್ಜೆನ್ಸ್ ಕುರಿತು ಹೊಳಪು ಕಾಗದದಲ್ಲಿ ಅಚ್ಚಾದ ಬ್ರೋಶರ್‌ಗಳಲ್ಲಿ ಎರ್ಲಾಂಗನ ಹೆಸರು ಕಾಣಸಿಗುವುದು ಅಪರೂಪ. ನನ್ನ ಪ್ರಕಾರ ಆ ಬ್ರೋಶರ್‌ಗಳ ಹುರುಳೆಲ್ಲ ಇರುವುದು ಈ ಮೂರು ಅಂಕಿಗಳಲ್ಲೇ.

ಹಂಚಿಕೆಯ ಈ ಲಾಭವನ್ನು ಇನ್ನೂ ಆಳಕ್ಕೆ ಒಯ್ಯಬಹುದಿತ್ತು. ಹಳೆಯ ಟೆಲಿಫೋನಿನಲ್ಲಿ ಕರೆ ಕೂಡಿದ ಕ್ಷಣದಿಂದ ಇಡುವ ತನಕ ಒಂದು ಇಡೀ ದಾರಿ ಆ ಇಬ್ಬರಿಗೇ ಮೀಸಲು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಒಬ್ಬ ಪ್ರಯಾಣಿಕನಿಗಾಗಿ ಉದ್ದಕ್ಕೂ ರೈಲು ಹಳಿಯನ್ನೇ ಖಾಲಿ ಮಾಡಿಸಿದ ಹಾಗೆ. ಆದರೆ ಮಾತುಕತೆಯಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೇಳುತ್ತಿರುತ್ತಾರೆ, ನಡುವೆ ಉಸಿರು, ಯೋಚನೆ, ಮೌನ. ಒಂದೊಂದು ದಿಕ್ಕಿನ ದಾರಿಯೂ ಅರ್ಧಕ್ಕಿಂತ ಹೆಚ್ಚು ಹೊತ್ತು ಬರಿದು. ಅಟ್ಲಾಂಟಿಕ್ ಸಾಗರದಡಿ 1956ರಲ್ಲಿ ಹಾಸಿದ ಮೊದಲ ಟೆಲಿಫೋನ್ ಕೇಬಲ್ಲಿಗೆ ಶುರುವಿನಲ್ಲಿ ಇದ್ದದ್ದು ಬರೀ 36 ಕರೆಗಳ ಸಾಮರ್ಥ್ಯ. ಅಂಥ ದುಬಾರಿ ದಾರಿಯಲ್ಲಿ ಮೌನ ಸಾಗಿಸುವುದೆಂದರೆ ಹೊಟ್ಟೆ ಉರಿಯದೆ ಇದ್ದೀತೆ? 1960ರಲ್ಲಿ ಎಂಜಿನಿಯರುಗಳು ಒಬ್ಬರ ಮೌನದ ಸಂದಿಯಲ್ಲಿ ಇನ್ನೊಬ್ಬರ ಮಾತು ತೂರಿಸುವ ಯಂತ್ರ ಕೂರಿಸಿ ಸಾಮರ್ಥ್ಯವನ್ನು ಇಮ್ಮಡಿಯಾಗಿಸಿದರು. ಯಂತ್ರ ದೊಡ್ಡದು, ದುಬಾರಿ, ಹಾಗಾಗಿ ಸಮುದ್ರದಡಿಯ ಕೇಬಲ್ಲಿನಂಥ ಕಡೆಗಷ್ಟೇ ಸರಿ.

ಅಷ್ಟರಲ್ಲಿ ಮಾತು ಅಂಕಿಯಾಗತೊಡಗಿತ್ತು. ದನಿಯ ಅಲೆಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್. ಟೆಲಿಫೋನ್ ಲೋಕದಲ್ಲಿ ಎಲ್ಲೆಡೆ ಕಾಣುವ ‘64 ಕೆಬಿಪಿಎಸ್’ ಎಂಬ ಸಂಖ್ಯೆ ಹುಟ್ಟಿದ್ದು ಹೀಗೆ. ಕಂಪನಿಗಳು ಕೊಳ್ಳುವ ಪಿಆರ್‌ಐ ಲೈನಿನಲ್ಲಿ ಇಂಥ 32 ಕಾಲುವೆ, ಮಾತಿಗೆ 30. ಮಾತು ಅಂಕಿಯಾದ ಮೇಲೆ ಎಕ್ಸ್‌ಚೇಂಜೂ ಒಂದು ಕಂಪ್ಯೂಟರೇ. 1984ರಲ್ಲಿ ಶುರುವಾದ ಭಾರತ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಎಸಿ ಇಲ್ಲದೆ, ಹಳ್ಳಿಯ ಧೂಳು ಬಿಸಿಲಲ್ಲೂ ನಡೆಯುವ 128 ಲೈನುಗಳ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ರೂಪಿಸಿತು. ಅದರ ಮೊದಲನೆಯದು 1986ರಲ್ಲಿ ಬಂದು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಮುಂದೆ ದೇಶದ ಮೂಲೆಮೂಲೆಯ ಎಸ್‌ಟಿಡಿ ಬೂತುಗಳಿಗೆ ಜೀವ ಕೊಟ್ಟದ್ದು ಇದೇ ಸಂತತಿ.

ಅಂಕಿಯಾದ ಮಾತಿಗೂ ಅಂಕಿಯಾದ ಕಡತಕ್ಕೂ ತಂತಿಯ ಮಟ್ಟಿಗೆ ವ್ಯತ್ಯಾಸವಿಲ್ಲ. ಹಾಗಿದ್ದರೆ ಎರಡನ್ನೂ ಒಂದೇ ತಂತಿಯಲ್ಲಿ ಯಾಕೆ ಕಳಿಸಬಾರದು? ಕಂಪ್ಯೂಟರ್ ಜಾಲಗಳು ಮಾಹಿತಿಯನ್ನು ಸಣ್ಣ ಪ್ಯಾಕೆಟ್‌ಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ ವಿಳಾಸ ಬರೆದು, ಯಾರಿಗೂ ದಾರಿ ಮೀಸಲಿಡದೆ ಕಳಿಸುತ್ತವೆ. ಅಮೆರಿಕದ ಪಾಲ್ ಬರಾನ್ ಮತ್ತು ಬ್ರಿಟನ್ನಿನ ಡೊನಾಲ್ಡ್ ಡೇವಿಸ್ ಎಂಬಿಬ್ಬರಿಗೆ 1960ರ ದಶಕದಲ್ಲಿ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲದೆಯೇ, ಹೊಳೆದ ಉಪಾಯವಿದು. 1974ರಲ್ಲಿ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ಮತ್ತವನ ಸಂಗಡಿಗರು ಇಂಟರ್ನೆಟ್ಟಿನ ಪೂರ್ವಜನಾದ ಅರ್ಪಾನೆಟ್ ಮೇಲೆ ಕ್ಯಾಲಿಫೋರ್ನಿಯಾಕ್ಕೂ ಮೆಸಾಚುಸೆಟ್ಸ್‌ಗೂ ನಡುವೆ ಮಾತು ಸಾಗಿಸಿ ತೋರಿಸಿದರು.

ಆ ಪ್ರಯೋಗದಲ್ಲಿ ಕೋಹೆನ್ ತಂಡಕ್ಕೆ ಎದುರಾದ ತೊಡಕು ತುಂಬಾ ಪಾಠ ಕಲಿಸುವಂಥದ್ದು. ಕಂಪ್ಯೂಟರ್ ಜಾಲ ಕಟ್ಟಿದವರಿಗೆ ಒಂದು ಬಿಟ್ಟೂ ಕಳೆಯಬಾರದು. ಪ್ಯಾಕೆಟ್ ಕಳೆದುಹೋಯಿತೋ, ಮತ್ತೆ ಕಳಿಸು, ಬರುವ ತನಕ ಕಾಯಿ. ಬ್ಯಾಂಕಿನ ಲೆಕ್ಕಕ್ಕೆ ಇದು ಸರಿ. ಮಾತಿಗೆ ಇದು ತಲೆಕೆಳಗು. ಮಾತಿನ ಒಂದು ಚೂರು, ಸೆಕೆಂಡಿನ ಐವತ್ತರಲ್ಲೊಂದು ಪಾಲು, ಬಿದ್ದುಹೋದರೆ ಕಿವಿಗೆ ಗೊತ್ತೇ ಆಗುವುದಿಲ್ಲ. ಆದರೆ ಆ ಚೂರು ತಡವಾಗಿ ಬಂದರೆ ಅದರಿಂದ ಏನೂ ಪ್ರಯೋಜನವಿಲ್ಲ, ಅದನ್ನು ಕಾಯುತ್ತ ಕೂತರೆ ಹಿಂದಿನದೆಲ್ಲ ತಡವಾಗುತ್ತದೆ. ಕಡತಕ್ಕೆ ತಡವಾದರೂ ಚಿಂತೆಯಿಲ್ಲ, ಕಳೆಯಬಾರದು. ಮಾತಿಗೆ ಕಳೆದರೂ ಚಿಂತೆಯಿಲ್ಲ, ತಡವಾಗಬಾರದು. 1978ರಲ್ಲಿ ಇಂಟರ್ನೆಟ್ಟಿನ ಮೂಲ ನಿಯಮಾವಳಿಯನ್ನು ಎರಡಾಗಿ ಒಡೆದು ಟಿಸಿಪಿ ಬೇರೆ, ಐಪಿ ಬೇರೆ ಮಾಡಿದ್ದರ ಹಿಂದೆ ಕೋಹೆನ್‌ನಂಥವರ ಈ ವಾದವೂ ಇತ್ತು. ಕಾಯುವವರಿಗೆ ಟಿಸಿಪಿ, ಕಾಯಲಾರದವರಿಗೆ 1980ರಲ್ಲಿ ಬಂದ ಯುಡಿಪಿ. ನಿಮ್ಮ ವಾಟ್ಸ್ಆ್ಯಪ್ ಕರೆಯ ದನಿ ಸಾಮಾನ್ಯವಾಗಿ ಎರಡನೇ ದಾರಿಯಲ್ಲೇ ಬರುತ್ತದೆ.

ಕಡತದ ಮತ್ತು ಮಾತಿನ ಸ್ವಭಾವ ಇಷ್ಟು ವಿರುದ್ಧವಾಗಿರುವಾಗ ಒಂದೇ ತಂತಿಯಲ್ಲಿ ಬಾಳುವೆ ಹೇಗೆ? ಒಂದು ಲೆಕ್ಕ ಹಾಕೋಣ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಗೆ 64 ಕೆಬಿಪಿಎಸ್ ಲೀಸ್ಡ್ ಲೈನ್, ಅಂದರೆ ಬಾಡಿಗೆಯ ಖಾಸಗಿ ಲೈನ್, ಇದ್ದರೆ ಹೆಮ್ಮೆಯ ವಿಷಯ. ಕಡತದ ಒಂದು ದೊಡ್ಡ ಪ್ಯಾಕೆಟ್ 1,500 ಬೈಟ್, ಅಂದರೆ 12,000 ಬಿಟ್. ಅದು ಆ ಲೈನಿನಿಂದ ಪೂರ್ತಿ ಹೊರಬೀಳಲು 187 ಮಿಲಿಸೆಕೆಂಡ್ ಬೇಕು. ಅದರ ಹಿಂದೆ ಮಾತಿನ ಪುಟ್ಟ ಪ್ಯಾಕೆಟ್ ಸಿಕ್ಕಿಬಿದ್ದರೆ ಅಷ್ಟು ಹೊತ್ತು ನಿಂತಲ್ಲೇ ನಿಲ್ಲಬೇಕು. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಮಾತು 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಅದನ್ನು ಮೀರುತ್ತ ಹೋದಂತೆ ‘ಹಲೋ, ಕೇಳಿಸ್ತಿದೆಯಾ?’, ಇಬ್ಬರೂ ಒಟ್ಟಿಗೆ ಮಾತು, ಮತ್ತೆ ಇಬ್ಬರೂ ಒಟ್ಟಿಗೆ ಮೌನ. ಸಹೋದ್ಯೋಗಿ ಒಬ್ಬರು ಅಟ್ಯಾಚ್‌ಮೆಂಟ್ ಕಳಿಸಿದ ತಪ್ಪಿಗೆ ಮ್ಯಾನೇಜರರ ವಿದೇಶಿ ಕರೆ ತೊದಲುತ್ತಿತ್ತು.

ಇದಕ್ಕೆ ಪರಿಹಾರ ಎರಡು ಕಡೆಯಿಂದ ಬಂತು. ಮಾತಿನ ಪ್ಯಾಕೆಟ್ಟಿನ ಮೇಲೆ ಗುರುತು ಹಾಕಿ, ರೂಟರುಗಳು ಅದನ್ನು ಸಾಲಿನ ಮುಂದಕ್ಕೆ ಬಿಡುವಂತೆ ನಿಯಮ ಮಾಡಿದ್ದು ಒಂದು. ದೊಡ್ಡ ಪ್ಯಾಕೆಟ್ಟುಗಳನ್ನು ಇನ್ನಷ್ಟು ಕತ್ತರಿಸಿದ್ದೂ ಉಂಟು. ಇನ್ನೊಂದು, ತಂತಿಯೇ ಅಗಲವಾದದ್ದು. 100 ಎಂಬಿಪಿಎಸ್ ಲೈನಿನಲ್ಲಿ ಅದೇ 1,500 ಬೈಟಿನ ಪ್ಯಾಕೆಟ್ ಹೊರಬೀಳಲು 0.12 ಮಿಲಿಸೆಕೆಂಡ್ ಸಾಕು, ಕಾಯುವ ಪ್ರಶ್ನೆಯೇ ಹೆಚ್ಚುಕಡಿಮೆ ಇಲ್ಲ. ಒಂದು ತಮಾಷೆಯನ್ನೂ ಹೇಳಬೇಕು. ಲೈನ್ ಉಳಿಸಲೆಂದು ಮಾತನ್ನು 64ರಿಂದ 8 ಕೆಬಿಪಿಎಸ್‌ಗೆ ಹಿಂಡುವ ಜಿ.729 ಎಂಬ ಜಾಣ ವಿಧಾನ ಬಂತು. ಆಗ 20 ಮಿಲಿಸೆಕೆಂಡಿನ ಮಾತು ಬರೀ 20 ಬೈಟ್. ಆದರೆ ಅದರ ತಲೆಗೆ ಅಂಟಿಸುವ ವಿಳಾಸ, ಸಮಯ, ಸರದಿ ಸಂಖ್ಯೆಗಳದ್ದೇ 40 ಬೈಟ್. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ. ಹಂಚಿಕೆಯ ಲಾಭ ಪುಕ್ಕಟೆ ಬರುವುದಿಲ್ಲ, ಪ್ರತಿ ಪ್ಯಾಕೆಟ್ಟೂ ತನ್ನ ವಿಳಾಸವನ್ನು ತಾನೇ ಹೊತ್ತು ತಿರುಗಬೇಕು.

ಇದೆಲ್ಲ ಇನ್ನೂ ರೂಪುಗೊಳ್ಳುತ್ತಿದ್ದಾಗಲೇ, 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡುವ ತಂತ್ರಾಂಶ ಮಾರುಕಟ್ಟೆಗೆ ಬಿಟ್ಟಾಗ, ವ್ಯಾಪಾರಿಗಳ ಕಣ್ಣು ಹೋದದ್ದು ಫೋನ್ ಬಿಲ್ಲಿನ ಕಡೆಗೆ. ಹೋಗದೇ ಇರುತ್ತದೆಯೇ? ನಮ್ಮಲ್ಲಿ ಎಸ್‌ಟಿಡಿ ಅಂದರೆ ರಾತ್ರಿ ತಡವಾದ ಮೇಲೆ ಕಾಲು ದರಕ್ಕೆ ಕಾದು ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದ ಕಾಲ ಅದು. ಬೆಂಗಳೂರು–ಮುಂಬಯಿ ನಡುವೆ ಕಂಪನಿಗೆ ಲೀಸ್ಡ್ ಲೈನ್ ಹೇಗೂ ಇದೆ, ಅದರಲ್ಲೇ ಮಾತೂ ಹೋಗಲಿ ಎಂಬುದು ಸರಳ ಆಲೋಚನೆ.

ಸರ್ಕಾರಕ್ಕೆ ಅದು ಸರಳವಾಗಿ ಕಾಣಲಿಲ್ಲ. ಕಂಪನಿಯ ಒಳಗೊಳಗೇ ಮಾತಾಡಿಕೊಳ್ಳಿ, ಅಡ್ಡಿಯಿಲ್ಲ. ಆದರೆ ಬೆಂಗಳೂರಿನ ಸಾರ್ವಜನಿಕ ಫೋನಿನಿಂದ ಬಂದ ಕರೆಯನ್ನು ಖಾಸಗಿ ಲೈನಿನಲ್ಲಿ ಮುಂಬಯಿಗೆ ಒಯ್ದು ಅಲ್ಲಿನ ಸಾರ್ವಜನಿಕ ಜಾಲಕ್ಕೆ ಇಳಿಸಿದರೆ ಅದು ಟೋಲ್ ಬೈಪಾಸ್, ಅಪರಾಧ. ದೂರದ ಕರೆಗಳಿಂದ ಬರುವ ಆದಾಯ ಸೋರಿಹೋಗುವ ಭಯ, ಜೊತೆಗೆ ಕರೆಯ ಜಾಡು ಸಿಗದೆಂಬ ಭದ್ರತೆಯ ಆತಂಕ. ಹೀಗಾಗಿ ಭಾರತದ ಎಷ್ಟೋ ಕಚೇರಿಗಳಲ್ಲಿ ವಿಚಿತ್ರ ದೃಶ್ಯ. ಲಕ್ಷಗಟ್ಟಲೆ ಸುರಿದು ಐಪಿ ಫೋನ್ ತರಿಸಿದ್ದಾರೆ, ಪಕ್ಕದಲ್ಲೇ ಹೊರಗಿನ ಕರೆಗೆಂದು ಹಳೆಯ ಫೋನೂ ಕೂತಿದೆ. ತಂತ್ರಜ್ಞಾನ ಕೂಡಿಸಿದ್ದನ್ನು ಕಾನೂನು ಬೇರೆ ಮಾಡಿತ್ತು. ಸಿಸ್ಕೊದಂಥ ಕಂಪನಿಗಳು ತಮ್ಮ ತಂತ್ರಾಂಶದೊಳಗೆ ‘ಲಾಜಿಕಲ್ ಪಾರ್ಟಿಶನ್’ ಎಂಬ ಗೋಡೆ ಎಬ್ಬಿಸುವ ಸೌಲಭ್ಯವನ್ನು ಸೇರಿಸಬೇಕಾಯಿತು. ಇಂಟರ್ನೆಟ್ ಟೆಲಿಫೋನಿಗೆ 2002ರ ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿತಾದರೂ ಅದು ಷರತ್ತುಗಳ ಕಂತೆ. ಕಾಲ್ ಸೆಂಟರುಗಳಿಗೆ ಗೋಡೆ ತೆಳುವಾದದ್ದು 2020ರ ನವೆಂಬರ್ ಮತ್ತು 2021ರ ಜೂನ್‌ನಲ್ಲಿ ಬಂದ ಹೊಸ ಮಾರ್ಗಸೂಚಿಗಳಿಂದ.

ಅಷ್ಟರಲ್ಲಿ ಉಳಿಸಬೇಕಾಗಿದ್ದ ಬಿಲ್ಲೇ ಕರಗಿಹೋಗಿತ್ತು. 2006ರಲ್ಲಿ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದೇ ರೂಪಾಯಿ ಎಂದಿತು. 2016ರ ಸೆಪ್ಟೆಂಬರ್ 5ರಂದು ಶುರುವಾದ ಜಿಯೊ ಇನ್ನೂ ಮುಂದೆ ಹೋಯಿತು. ಅದರ ಜಾಲದಲ್ಲಿ ಮಾತಿಗೆಂದೇ ಬೇರೆ ದಾರಿ ಇರಲೇ ಇಲ್ಲ, ಎಲ್ಲವೂ ಐಪಿ ಪ್ಯಾಕೆಟ್. ಒಂದು ನಿಮಿಷದ ಮಾತಿಗೆ ಬೇಕಾಗುವ ಡೇಟಾ ಕೆಲವು ಸೆಕೆಂಡುಗಳ ವಿಡಿಯೊಗಿಂತ ಹೆಚ್ಚೇನಲ್ಲ, ಅಂಥದ್ದಕ್ಕೆ ಬಿಲ್ ಬರೆಯುವುದೇ ದಂಡ. ಮಾತು ಉಚಿತ ಎಂದು ಅದು ಸಾರಿದಾಗ ಉಳಿದ ಕಂಪನಿಗಳಿಗೆ ಹಿಂಬಾಲಿಸದೆ ಗತಿಯಿರಲಿಲ್ಲ. ಕಂಪನಿಗಳು ಪರಸ್ಪರ ಕೊಡಬೇಕಿದ್ದ ನಿಮಿಷಕ್ಕೆ 14 ಪೈಸೆಯ ಶುಲ್ಕ 2017ರಲ್ಲಿ 6 ಪೈಸೆಗೆ ಇಳಿದು, 2021ರ ಜನವರಿ 1ರಿಂದ ಸೊನ್ನೆಯಾಯಿತು.

ಹಾಗಾದರೆ ಉಳಿದ ಲಾಭ ಯಾವುದು? ಉತ್ತರ ಆ ಎರಡನೇ ಮಹಡಿಯ ಖಾಲಿ ಮೇಜಿನಲ್ಲಿದೆ. ಐಪಿ ಫೋನ್ ಆನ್ ಆದೊಡನೆ ‘ನಾನು ಇಂಥವರ ಫೋನು, ಈಗ ಇಲ್ಲಿದ್ದೇನೆ’ ಎಂದು ಸರ್ವರಿಗೆ ಹೆಸರು ನೋಂದಾಯಿಸುತ್ತದೆ. 1999ರಲ್ಲಿ ರೂಪುಗೊಂಡ ಸಿಪ್ ಎಂಬ ನಿಯಮಾವಳಿಯ ಕೆಲಸವಿದು. ಅದರ ಕರೆಯ ಒಳಗನ್ನು ಇಣುಕಿ ನೋಡಿದರೆ ಖುಷಿಯಾಗುತ್ತದೆ. ಗೂಢಲಿಪಿಯಲ್ಲ, ಓದಬಹುದಾದ ಪತ್ರವ್ಯವಹಾರ. ಈ ಕಡೆಯಿಂದ ‘ಇನ್ವೈಟ್’ ಎಂಬ ಆಮಂತ್ರಣ ಹೋಗುತ್ತದೆ. ಆ ಕಡೆಯಿಂದ ‘180 ರಿಂಗಿಂಗ್’. ಎತ್ತಿದರೆ ‘200 ಓಕೆ’. ಬೇರೆ ಕರೆಯಲ್ಲಿದ್ದರೆ ‘486 ಬಿಸಿ ಹಿಯರ್’. ಮುಗಿದಾಗ ‘ಬೈ’. ಅಂಥ ವ್ಯಕ್ತಿಯೇ ಇಲ್ಲವಾದರೆ, ವೆಬ್‌ಸೈಟುಗಳಲ್ಲಿ ನಾವು ಕಾಣುವ ಅದೇ ‘404’. ವಿಳಾಸವೂ ಇಮೇಲಿನ ಹಾಗೆ ವ್ಯಕ್ತಿಯದು, ಗೋಡೆಯ ಸಾಕೆಟ್ಟಿನದಲ್ಲ. ಒಂದೇ ಆಮಂತ್ರಣವನ್ನು ಮೇಜಿನ ಫೋನಿಗೂ ಲ್ಯಾಪ್‌ಟಾಪಿಗೂ ಮೊಬೈಲಿಗೂ ಒಟ್ಟಿಗೆ ಕಳಿಸಬಹುದು, ಮೊದಲು ಎತ್ತಿದವರಿಗೆ ಕರೆ.

ಫೋನ್ ಹೊತ್ತು ನಾಲ್ಕನೇ ಮಹಡಿಗೆ ಹೋಗಿ ಚುಚ್ಚಿದರೆ ಸಾಕು, ನಂಬರ್ ಹಿಂದೆಯೇ ಬಂದಿರುತ್ತದೆ. 2003ರಲ್ಲಿ ಬಂದ ಇನ್ನೊಂದು ಮಾನಕದಿಂದ ಅದೇ ತಂತಿಯಲ್ಲಿ ಫೋನಿಗೆ ಬೇಕಾದ ವಿದ್ಯುತ್ತೂ ಬರತೊಡಗಿತು, ಅಡಾಪ್ಟರ್ ಬೇಡ. ಕಟ್ಟಡಕ್ಕೆ ಎರಡು ಜಾಲ ಎಳೆಯುವ ಬದಲು ಒಂದು. ಇವೆಲ್ಲ ಖರ್ಚಿನ ಬಾಬತ್ತು, ಲೆಕ್ಕಿಗರಿಗೆ ಅರ್ಥವಾಗುತ್ತದೆ. ಅವರ ಪುಸ್ತಕದಲ್ಲಿ ಕಾಣದ ಇನ್ನೊಂದು ನಷ್ಟವಿದೆ, ಸಿಗಬೇಕಾದ ಮನುಷ್ಯ ಸಿಗದೆ ಕಾಯುವ ಹೊತ್ತು. ಹೆಸರಿನ ಪಕ್ಕದ ಹಸಿರು ಚುಕ್ಕೆ ‘ಈಗ ಸಿಗುತ್ತಾರೆ’ ಎನ್ನುತ್ತದೆ. ನಾಲ್ಕು ಸಾಲಿನ ಚಾಟ್ ಬೆಳೆದು ಕರೆಯಾಗಿ, ಆ ಕರೆ ಐದು ಜನರ ವಿಡಿಯೊ ಮೀಟಿಂಗ್ ಆಗಿ, ಅಲ್ಲೇ ಕಡತ ತೆರೆದು ತಿದ್ದಿ ಮುಗಿಸಬಹುದು. (ಆ ಹಸಿರು ಚುಕ್ಕೆ ನೌಕರನ ಬೆನ್ನಿಗೆ ಬಿದ್ದ ಮೇಸ್ತ್ರಿಯೂ ಹೌದು. ಅದು ಬೇರೆಯೇ ಅಧ್ಯಾಯದ ವಿಷಯ.)

ಮಾತು ತಂತ್ರಾಂಶದ ಕೈಗೆ ಸಿಕ್ಕಿದ್ದೇ ದೊಡ್ಡ ಬದಲಾವಣೆ. ಕ್ಯಾಬ್ ಚಾಲಕ ಫೋನ್ ಮಾಡಿದಾಗ ನಿಮಗೆ ಕಾಣುವ ನಂಬರ್ ಅವನದಲ್ಲದೇ ಇರಬಹುದು, ಅವನಿಗೂ ನಿಮ್ಮದು ಸಿಗದಿರಬಹುದು. ನಡುವೆ ಕೂತ ತಂತ್ರಾಂಶ ಇಬ್ಬರಿಗೂ ಬೇರೊಂದು ನಂಬರ್ ತೋರಿಸಿ ಸವಾರಿ ಮುಗಿದ ಮೇಲೆ ಕೊಂಡಿ ಕಳಚುತ್ತದೆ. ಇನ್ನೂ ತಮಾಷೆಯದು ನಮ್ಮ ಮಿಸ್ಡ್ ಕಾಲ್. ದುಡ್ಡು ಉಳಿಸಲು ಜನ ಕಂಡುಕೊಂಡ ಈ ಉಪಾಯವನ್ನೇ ಬಂಡವಾಳ ಮಾಡಿಕೊಂಡ ಬೆಂಗಳೂರಿನ ಜಿಪ್‌ಡಯಲ್ ಕಂಪನಿ, ಕರೆ ಎತ್ತದೆಯೇ ವ್ಯಾಪಾರ ನಡೆಸಿತು. ಜಾಹೀರಾತಿನ ನಂಬರಿಗೆ ನೀವು ಮಿಸ್ಡ್ ಕಾಲ್ ಕೊಡಿ, ಎಸ್ಸೆಮ್ಮೆಸ್ಸೋ ಕರೆಯೋ ತಿರುಗಿ ಬರುತ್ತದೆ. 2015ರಲ್ಲಿ ಟ್ವಿಟರ್ ಆ ಕಂಪನಿಯನ್ನೇ ಕೊಂಡುಕೊಂಡಿತು.

ದುಡ್ಡಿನಲ್ಲಿ ಅಳೆಯಲಾಗದ ಲಾಭವೂ ಉಂಟು. ಈ ಶತಮಾನದ ಆರಂಭದಲ್ಲೇ ಇಸ್ರೊ ಉಪಗ್ರಹ ಸಂಪರ್ಕದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ವೈದ್ಯರ ಮಾತು, ರೋಗಿಯ ಮುಖ, ಇಸಿಜಿಯ ಗೆರೆ ಒಂದೇ ಕೊಂಡಿಯಲ್ಲಿ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮಾತು ಹತ್ತಿ ಇಳಿಯಲೇ ಹತ್ತಿರಹತ್ತಿರ ಕಾಲು ಸೆಕೆಂಡ್, 150 ಮಿಲಿಸೆಕೆಂಡಿನ ಮಿತಿ ದಾಟಿಯೇ ಹೋಯಿತು. ಎದೆನೋವಿನ ರೋಗಿಯ ಇಸಿಜಿ ನೋಡುತ್ತ ತಜ್ಞರು ಅಲ್ಲಿಂದಲೇ ಸಲಹೆ ಕೊಡುತ್ತಿರುವಾಗ ಆ ತಡವನ್ನು ಯಾರು ಲೆಕ್ಕಿಸಿಯಾರು?

2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿದ್ದಾಗ ಎಲ್ಲ ಕಂಪನಿಗಳಿಗೂ ಒಂದೇ ದಿನ ಪರೀಕ್ಷೆ. ದೂರಸಂಪರ್ಕ ಇಲಾಖೆ ಕಾಲ್ ಸೆಂಟರ್ ನಿಯಮಗಳನ್ನು ಆ ತಿಂಗಳೇ ಸಡಿಲಿಸಿ, ಮನೆಯಿಂದ ಕೆಲಸಕ್ಕೆ ದಾರಿ ಬಿಟ್ಟಿತ್ತು. ಫೋನೂ ಕಂಪ್ಯೂಟರೂ ಈಗಾಗಲೇ ಒಂದಾಗಿದ್ದವರು ಲ್ಯಾಪ್‌ಟಾಪ್ ಹಿಡಿದು ಮನೆಗೆ ಹೋದರು, ಎಕ್ಸ್‌ಟೆನ್ಷನ್ ನಂಬರ್ ಅವರೊಡನೆ ಶಿವಮೊಗ್ಗಕ್ಕೂ ಸಿರಸಿಗೂ ಬಂತು. ಎಂಡಿಎಫ್ ಪೆಟ್ಟಿಗೆಗೆ ಅಂಟಿಕೊಂಡವರ ಕಚೇರಿಯಲ್ಲಿ ಫೋನುಗಳು ಖಾಲಿ ಹಾಲಿಗೆ ರಿಂಗಣಿಸಿದವು.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ಬ್ರೋಶರ್ ಬರೆದಂತಾಗುತ್ತದೆ. 2022ರ ಜುಲೈ 8ರ ಬೆಳಗಿನ ಜಾವ ಕೆನಡಾದ ರೋಜರ್ಸ್ ಕಂಪನಿ ತನ್ನ ಮುಖ್ಯ ಜಾಲವನ್ನು ಮೇಲ್ದರ್ಜೆಗೆ ಏರಿಸುತ್ತಿತ್ತು. ಆ ಕೆಲಸದಲ್ಲಿ ರೂಟರಿನ ಒಂದು ಫಿಲ್ಟರ್ ತೆಗೆದರು. ಅದು ತಡೆಯಬೇಕಾಗಿದ್ದ ಮಾಹಿತಿಯ ಪ್ರವಾಹ ಕೋರ್ ರೂಟರುಗಳಿಗೆ ನುಗ್ಗಿ ಅವು ಕುಸಿದವು. ಮೊಬೈಲ್, ಮನೆಯ ಫೋನು, ಇಂಟರ್ನೆಟ್ ಎಲ್ಲಕ್ಕೂ ಬೆನ್ನೆಲುಬು ಅದೊಂದೇ ಐಪಿ ಜಾಲ, ಆದ್ದರಿಂದ ಎಲ್ಲವೂ ಒಟ್ಟಿಗೆ ಮಲಗಿದವು. 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ಕೆನಡಾದ ಕಾರ್ಡ್ ಪಾವತಿ ನಡೆಸುವ ಇಂಟರಾಕ್ ಜಾಲ ರೋಜರ್ಸನ್ನು ನೆಚ್ಚಿಕೊಂಡಿದ್ದರಿಂದ ದೇಶದುದ್ದಕ್ಕೂ ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ನಡೆಯಲಿಲ್ಲ. 911 ತುರ್ತು ಕರೆಗೂ ಕುತ್ತು: ಟವರಿನ ರೇಡಿಯೊ ಸಂಕೇತ ಬರುತ್ತಲೇ ಇತ್ತು, ಹಾಗಾಗಿ ಎಷ್ಟೋ ಫೋನುಗಳು ‘ಜಾಲ ಇದೆ’ ಎಂದೇ ನಂಬಿ ಬೇರೆ ಕಂಪನಿಯ ಟವರಿಗೆ ಹೋಗಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ದುರಸ್ತಿಗೆ ಓಡಬೇಕಾಗಿದ್ದ ಎಂಜಿನಿಯರುಗಳಿಗೆ. ರೂಟರುಗಳನ್ನು ದೂರದಿಂದ ತಲುಪುವ ದಾರಿಯೂ, ಒಬ್ಬರಿಗೊಬ್ಬರು ಮಾತಾಡುವ ದಾರಿಯೂ ಅದೇ ಸತ್ತ ಜಾಲ. ಪ್ರತಿಸ್ಪರ್ಧಿ ಕಂಪನಿಗಳ ಸಿಮ್ ಹಾಕಿಕೊಂಡು ಮಾತಾಡಬೇಕಾಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ನಿಂತುಹೋದಾಗಲೂ ಕಂಪನಿಯ ಒಳಗಿನ ಉಪಕರಣಗಳು ಅದರೊಂದಿಗೇ ಮಲಗಿ ದುರಸ್ತಿ ತಡವಾಗಿತ್ತು.

ಎರ್ಲಾಂಗನ ಸೂತ್ರದ ಇನ್ನೊಂದು ಮುಖ ಇದು. ಇಪ್ಪತ್ತು ಲೈನನ್ನು ಕೂಡಿಸಿದಾಗ ಖಾಲಿ ಹೊತ್ತು ಹಂಚಿಕೆಯಾಗುತ್ತದೆ, ಕುಸಿತವೂ ಹಂಚಿಕೆಯಾಗುತ್ತದೆ. ಬೇರೆ ಬೇರೆ ಇದ್ದಾಗ ದುಂದು ಅನ್ನಿಸಿದ ಎರಡನೇ ತಂತಿ, ಮೊದಲನೆಯದು ಸತ್ತ ದಿನ ಜೀವ ಉಳಿಸುವ ತಂತಿ. ಆ ಘಟನೆಯ ಬಳಿಕ ರೋಜರ್ಸ್ ತನ್ನ ಮೊಬೈಲ್ ಜಾಲದ ಮತ್ತು ತಂತಿ ಜಾಲದ ಬೆನ್ನೆಲುಬುಗಳನ್ನು ಮತ್ತೆ ಬೇರ್ಪಡಿಸುವುದಾಗಿ ಘೋಷಿಸಿತು. ಕೂಡಿಸಿ ಉಳಿಸಿದ ದುಡ್ಡಿನಲ್ಲಿ ಒಂದು ಭಾಗ ಬಿಡಿಸಲು ಖರ್ಚಾಯಿತು ಅನ್ನಿ.

ನಮ್ಮ ಮನೆಗಳಲ್ಲೂ ಇದು ಸದ್ದಿಲ್ಲದೆ ನಡೆದುಹೋಗಿದೆ. ತಾಮ್ರದ ಹಳೆಯ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು, ಮಳೆಗಾಲದಲ್ಲಿ ಕರೆಂಟ್ ಹೋದರೂ ಡಯಲ್ ಟೋನ್ ಇರುತ್ತಿತ್ತು. ಫೈಬರ್ ಬಂದ ಮೇಲೆ ನಂಬರ್ ಅದೇ, ಹ್ಯಾಂಡ್‌ಸೆಟ್ಟೂ ಅದೇ. ಆದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಗೋಡೆಯ ಮೇಲಿನ ಡಬ್ಬಿಗೆ ಕರೆಂಟ್ ಬರುವುದು ನಿಂತರೆ ಇಂಟರ್ನೆಟ್ಟಿನ ಜೊತೆ ಫೋನೂ ಸತ್ತಂತೆ. ಎಷ್ಟೋ ಹಿರಿಯರಿಗೆ ಈ ವಿಷಯ ಯಾರೂ ಹೇಳಿಯೇ ಇಲ್ಲ.

ನಿಮ್ಮ ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಇಂಥ ಏಕಜಾಲ ಇದ್ದರೆ ಒಂದು ಶನಿವಾರ ಮಧ್ಯಾಹ್ನ ಎಲೆಕ್ಟ್ರಿಷಿಯನ್ ಜೊತೆ ನಿಂತು, ಎಲ್ಲರಿಗೂ ಮೊದಲೇ ತಿಳಿಸಿ, ಮುಖ್ಯ ಇಂಟರ್ನೆಟ್ ಕೇಬಲ್ ಹತ್ತು ನಿಮಿಷ ಕಿತ್ತು ನೋಡಿ. ಲಿಫ್ಟಿನೊಳಗಿನ ಫೋನು, ಸೆಕ್ಯುರಿಟಿ ಕ್ಯಾಬಿನ್ನಿನ ಫೋನು, ರಿಸೆಪ್ಶನ್ನಿನ ಫೋನು, ಇವುಗಳಲ್ಲಿ ಯಾವುದರಿಂದ ಹೊರಗೆ ಕರೆ ಹೋಗುತ್ತದೆ ಎಂದು ಬರೆದಿಟ್ಟುಕೊಳ್ಳಿ. ಒಂದರಿಂದಲೂ ಹೋಗದಿದ್ದರೆ, ಬೇರೆ ಕಂಪನಿಯ ಸಿಮ್ ಹಾಕಿದ ಒಂದು ಸಾದಾ ಮೊಬೈಲನ್ನಾದರೂ ಚಾರ್ಜ್ ಮಾಡಿ ಸೆಕ್ಯುರಿಟಿಯವರ ಕೈಗೆ ಕೊಟ್ಟಿರಿ.